ಒಂದಿರುಳಿನ ಆಸರೆ: ಇಂಗ್ಲೆಂಡಿನ ದರಿದ್ರಪಾಲನೆಯ ಇತಿಹಾಸದಲ್ಲಿ ವಸತಿಹೀನರ ಸ್ಥಾನ

ಇಂಗ್ಲೆಂಡಿನ ಸಾಮಾಜಿಕ ಇತಿಹಾಸವನ್ನು ಬರೆದ ವಿದ್ವಾಂಸರು ಹತ್ತೊಂಬತ್ತನೆಯ ಶತಮಾನದ ವರ್ಕ್‌ಹೌಸನ್ನು, ಎಂದರೆ ನಿರ್ಗತಿಕರನ್ನು ಒಳಗಿಟ್ಟು ದುಡಿಸಿ ಆಹಾರ ಕೊಡುತ್ತಿದ್ದ ಸಾರ್ವಜನಿಕ ಗೃಹವನ್ನು, ವಿಪುಲವಾಗಿ ವರ್ಣಿಸಿದ್ದಾರೆ. ಆ ಗೃಹಕ್ಕೆ ಸೇರಿದಂತೆ, ಆದರೆ ಅದರ ಮುಖ್ಯ ನಿವಾಸಿಗಳಿಂದ ಬೇರೆಯಾಗಿ, ಇನ್ನೊಂದು ಸಣ್ಣ ಕಟ್ಟಡವಿರುತ್ತಿತ್ತು. ದಾರಿಯಲ್ಲಿ ಹೋಗುತ್ತಿರುವ, ಆ ರಾತ್ರಿ ಮಲಗಲು ಎಡೆಯಿಲ್ಲದ ಬಡವನಿಗೆ ಅಲ್ಲಿ ತಾತ್ಕಾಲಿಕವಾಗಿ ತಂಗಲು ಅವಕಾಶವಿತ್ತು. ಅದಕ್ಕೆ ‘ಕ್ಯಾಷುಯಲ್ ವಾರ್ಡು’ ಎಂದು ಹೆಸರು. ಅಲೆಮಾರಿಗಳ ಬಾಯಲ್ಲಿ ಅದು ‘ಸ್ಪೈಕ್’. ನಮ್ಮ ವಿದ್ಯಾರ್ಥಿಗಳು ಓದುವ ಪಠ್ಯಗ್ರಂಥಗಳಲ್ಲಿ ಇದಕ್ಕೆ ಒಂದೆರಡು ವಾಕ್ಯಗಳಿಗಿಂತ ಹೆಚ್ಚು ಸ್ಥಳ ದೊರೆಯುವುದು ಅಪೂರ್ವ. ಆದರೆ ಮನೆಯಿಲ್ಲದವನಿಗೆ ತುರ್ತಾಗಿ ಆಸರೆ ಕೊಡುವ ಹೊಣೆ ಯಾರದು ಎಂಬ ವಿಷಯದಲ್ಲಿ ಆಧುನಿಕ ರಾಜ್ಯವು ತಳೆದ ಮನೋಭಾವವನ್ನು ತಿಳಿಯಬೇಕಾದರೆ ದೊಡ್ಡ ಗೃಹಕ್ಕಿಂತ ಈ ಸಣ್ಣ ಕಟ್ಟಡವನ್ನೇ ನೋಡಬೇಕು.

ಬಾಗಿಲಿಗೆ ಬಂದವನನ್ನು ಅಲ್ಲಿ ಎರಡು ಪ್ರಶ್ನೆಗಳು ಎದುರುಗೊಳ್ಳುತ್ತಿದ್ದುವು. ನಿನ್ನ ಊರು ಯಾವುದು ಎಂಬುದು ಮೊದಲನೆಯದು. ನಿನ್ನ ಈ ದುಃಸ್ಥಿತಿಗೆ ನೀನೇ ಕಾರಣನಲ್ಲವೆ ಎಂಬುದು ಎರಡನೆಯದು. ನಾಲ್ಕು ಶತಮಾನಗಳಲ್ಲಿ ಕಾನೂನುಗಳು ಅನೇಕ ಸಲ ಬದಲಾದುವು, ಕಟ್ಟಡಗಳು ಬದಲಾದುವು, ಮಾತಿನ ಕಾಠಿಣ್ಯವೂ ಕಡಿಮೆಯಾಯಿತು. ಈ ಎರಡು ಪ್ರಶ್ನೆಗಳು ಮಾತ್ರ ಹೋಗಲಿಲ್ಲ. ಅವುಗಳ ಜಾಡನ್ನು ಹಿಡಿಯುವುದು ಈ ಲೇಖನದ ಉದ್ದೇಶ.

ಮಧ್ಯಯುಗದಲ್ಲಿ ದಾರಿಹೋಕರಿಗೂ ದೀನರಿಗೂ ಅನ್ನ ಆಸರೆಗಳನ್ನು ಕೊಡುತ್ತಿದ್ದವು ಮುಖ್ಯವಾಗಿ ಕ್ರೈಸ್ತ ವಿಹಾರಗಳು. ನಮ್ಮ ಬಳ್ಳಿಗಾವೆಯ ಕೋಡಿಯ ಮಠವನ್ನು ವರ್ಣಿಸುವ 1162ರ ಶಿಲಾಶಾಸನವು ದೀನರು, ಅಂಧರು, ಬಧಿರರು, ಕುಂಟರು ಮೊದಲಾದವರಿಗೆ ಅನ್ನದಾನ ನಡೆಯುತ್ತಿದ್ದುದನ್ನೂ ಅನಾಥ ರೋಗಿಗಳಿಗೆ ಚಿಕಿತ್ಸೆ ದೊರೆಯುತ್ತಿದ್ದುದನ್ನೂ ತಿಳಿಸುತ್ತದೆಯಷ್ಟೆ. ಅದನ್ನು ಬಲ್ಲ ವಾಚಕರಿಗೆ ಈ ಬಗೆಯ ವ್ಯವಸ್ಥೆ ಅಪರಿಚಿತವಲ್ಲ. 1536ರಿಂದ 1540ರ ವರೆಗಿನ ಅವಧಿಯಲ್ಲಿ ಎಂಟನೆಯ ಹೆನ್ರಿಯು ಈ ವಿಹಾರಗಳನ್ನು ಮುಚ್ಚಿಸಿದನು. ಬಡವರ ಹೊರೆ ರಾಜ್ಯದ ಮೇಲೆ ಬಿದ್ದಿತು. ವಿಹಾರಗಳ ನಾಶವೇ ಅಲೆಮಾರಿಗಳ ಹೆಚ್ಚಳಕ್ಕೆ ಕಾರಣವೆಂದು ಹಿಂದಿನ ಇತಿಹಾಸಕಾರರು ಹೇಳುತ್ತಿದ್ದುದುಂಟು. ಅದು ಅರ್ಧಸತ್ಯ. ಜನಸಂಖ್ಯೆಯ ಬೆಳವಣಿಗೆ, ಧಾನ್ಯದ ಬೆಲೆಯೇರಿಕೆ, ಕುರಿಗಳಿಗಾಗಿ ಹೊಲಗಳಿಗೆ ಬೇಲಿ ಹಾಕಿದುದು ಇವೆಲ್ಲ ಆಗಲೇ ಜನರನ್ನು ದಾರಿಗೆ ತಳ್ಳಿದ್ದುವು. ವಿಹಾರಗಳು ಮುಚ್ಚುವ ಮೊದಲೇ, 1531ರಲ್ಲಿ ಬಂದ ಕಾಯಿದೆಯು, ಮೈಗಟ್ಟಿಯುಳ್ಳ ಅಲೆಮಾರಿಯನ್ನು ಗಾಡಿಯ ಹಿಂಬದಿಗೆ ಕಟ್ಟಿ ರಕ್ತ ಬರುವಂತೆ ಹೊಡೆದು, ಅವನು ಹುಟ್ಟಿದ ಅಥವಾ ಕಡೆಯ ಮೂರು ವರ್ಷ ವಾಸಿಸಿದ ಸ್ಥಳಕ್ಕೆ ಕಳುಹಿಸಬೇಕೆಂದು ವಿಧಿಸಿತ್ತು. 1547ರ ಕಾಯಿದೆ ಇನ್ನೂ ಕ್ರೂರವಾದುದು: ಅಲೆಮಾರಿಯ ಎದೆಯ ಮೇಲೆ ಬರೆ ಹಾಕಿ ಎರಡು ವರ್ಷ ದಾಸನನ್ನಾಗಿ ಮಾಡಲು ಅದು ಅನುಮತಿಯಿತ್ತಿತು. ಅದನ್ನು ಜಾರಿಗೆ ತರುವವರು ದೊರೆಯದೆ ಮೂರು ವರ್ಷಗಳೊಳಗಾಗಿ ಅದು ರದ್ದಾಯಿತು. 1531ರ ಕಾಯಿದೆಯಲ್ಲಿ ಲಕ್ಷಿಸಬೇಕಾದುದು ಛಡಿಯೇಟಲ್ಲ, ಅದರ ಅನಂತರದ ಕ್ರಮ. ಶಿಕ್ಷೆಯ ಬಳಿಕ ಮನುಷ್ಯನನ್ನು ‘ಅವನ’ ಊರಿಗೆ ಅಟ್ಟಬೇಕು. ಅವನ ಪೋಷಣೆ ಆ ಊರಿನ ಹೊಣೆ.

ಎಲಿಜಬೆತ್ ರಾಣಿಯ ಕಾಲದ 1598 ಮತ್ತು 1601ರ ಕಾಯಿದೆಗಳು ಪ್ರತಿಯೊಂದು ಪ್ಯಾರಿಷ್, ಎಂದರೆ ಒಂದು ಚರ್ಚಿಗೆ ಸೇರಿದ ಗ್ರಾಮಘಟಕ, ತನ್ನ ಬಡವರನ್ನು ತಾನೇ ಕರ ಎತ್ತಿ ಸಾಕಬೇಕೆಂದು ಗೊತ್ತುಮಾಡಿದುವು. ಆ ಕಾಲದ ಯೂರೋಪಿನಲ್ಲಿ ಇದು ಸಾಮಾನ್ಯವಾದ ಸಾಧನೆಯಲ್ಲ. ದೇಶದ ಉದ್ದಗಲಕ್ಕೂ ಬಡವನಿಗೆ ಕಡ್ಡಾಯವಾದ ಕರದಿಂದ ನೆರವು ದೊರೆಯುವ ಏರ್ಪಾಡು ಇದರಿಂದ ಸಿದ್ಧವಾಯಿತು. ಆದರೆ ‘ತನ್ನ ಬಡವರು’ ಎಂಬ ಮಾತಿನಲ್ಲಿಯೇ ತೊಡಕಿತ್ತು. ತನ್ನವರು ಯಾರು? 1662ರ ನೆಲೆಯ ಕಾಯಿದೆಯು ಇದಕ್ಕೆ ಉತ್ತರ ಕೊಟ್ಟಿತು. ಹೊಸದಾಗಿ ಬಂದು ವರ್ಷಕ್ಕೆ 10 ಪೌಂಡಿಗಿಂತ ಕಡಿಮೆ ಬಾಡಿಗೆಯ ಮನೆಯಲ್ಲಿ ನಿಂತವನನ್ನು, ಮುಂದೆ ಪ್ಯಾರಿಷಿಗೆ ಹೊರೆಯಾಗಬಹುದೆಂಬ ಸಂಶಯದ ಮೇಲೆ, 40 ದಿನಗಳೊಳಗೆ ಅವನ ಮೂಲಸ್ಥಳಕ್ಕೆ ಸಾಗಿಸಬಹುದಾಗಿತ್ತು. ವಿವಾಹಬಾಹಿರವಾಗಿ ಹುಟ್ಟಿದ ಶಿಶುವಿಗೆ ಹುಟ್ಟಿದ ಪ್ಯಾರಿಷಿನಲ್ಲಿಯೇ ನೆಲೆಯ ಹಕ್ಕು ಬರುತ್ತಿದ್ದುದರಿಂದ, ಅವಿವಾಹಿತ ಗರ್ಭಿಣಿಯರನ್ನು ಹೆರಿಗೆಗೆ ಮೊದಲೇ ಗಡಿ ದಾಟಿಸಲು ಪ್ಯಾರಿಷಿನ ಅಧಿಕಾರಿಗಳು ಪೈಪೋಟಿಯಿಂದ ಯತ್ನಿಸುತ್ತಿದ್ದರು. ಯಾವ ಊರಿನ ಲೆಕ್ಕಕ್ಕೆ ಈ ಬಡವನು ಸೇರತಕ್ಕವನು ಎಂಬ ವಿವಾದದಲ್ಲಿ ಪ್ಯಾರಿಷುಗಳು ವಕೀಲರಿಗೆ ತೆತ್ತ ಹಣದಿಂದ ಅವನನ್ನೇ ಸಾಕಬಹುದಾಗಿತ್ತೆಂದು ಅನ್ನಿಸುವ ಪ್ರಸಂಗಗಳು ವಿರಳವಲ್ಲ. 1795ರಲ್ಲಿ, ನೆರವು ಕೇಳುವ ವರೆಗೆ ಯಾರನ್ನೂ ಸಾಗಿಸಕೂಡದೆಂದು ಈ ಕಾಯಿದೆಯನ್ನು ಸಡಿಲಿಸಿದರು. ಕೈಗಾರಿಕೆಗಳಿಗೆ ಕೂಲಿಯಾಳುಗಳು ಬೇಕಾಗಿದ್ದ ಕಾಲ ಅದು.

ನೆಪೋಲಿಯನ್ನನೊಡನೆ ನಡೆದ ಯುದ್ಧಗಳು ಮುಗಿದು ಸೈನಿಕರು ಹಿಂದಿರುಗಿದಾಗ ಬೀದಿಗಳಲ್ಲಿ ನೆಲೆಯಿಲ್ಲದವರ ಸಂಖ್ಯೆ ಹೆಚ್ಚಿತು. 1824ರಲ್ಲಿ ಅಲೆಮಾರಿಗಳ ಕಾಯಿದೆ ಬಂದಿತು. ಕೊಟ್ಟಿಗೆಯಲ್ಲಿಯೋ ಪಾಳುಮನೆಯಲ್ಲಿಯೋ ಬಯಲಿನಲ್ಲಿಯೋ ಮಲಗಿ, ಜೀವನಕ್ಕೆ ‘ಕಾಣತಕ್ಕ’ ಆಧಾರವಿಲ್ಲದೆ, ತನ್ನ ವಿಷಯವಾಗಿ ತೃಪ್ತಿಕರವಾದ ವಿವರಣೆ ಕೊಡಲಾರದವನಿಗೆ ಮೂರು ತಿಂಗಳವರೆಗೆ ಸೆರೆ. ಇದಕ್ಕೆ ನಾಲ್ಕೈದು ವರ್ಷ ಮೊದಲೇ, 1819-20ರ ಕಠಿಣವಾದ ಚಳಿಗಾಲದಲ್ಲಿ, ಲಂಡನ್ ನಗರದ ದಾನಿಗಳು ವಸತಿಹೀನರಿಗಾಗಿ ಒಂದು ರಾತ್ರಿಗೃಹವನ್ನು ಸ್ಥಾಪಿಸಿದ್ದರು. ಶತಮಾನದ ಮಧ್ಯದಲ್ಲಿ ಹೆನ್ರಿ ಮೇಹ್ಯೂ ಇದನ್ನು ಕಂಡು ವಿವರವಾಗಿ ಬರೆದಿದ್ದಾನೆ. ಉಷ್ಣಮಾಪಕವು ನೀರು ಹೆಪ್ಪುಗಟ್ಟುವ ಮಟ್ಟಕ್ಕೆ ಇಳಿದಾಗ ಮಾತ್ರ ಅದರ ಬಾಗಿಲು ತೆರೆಯುತ್ತಿತ್ತು. ಕೊಡುತ್ತಿದ್ದುದು ಒಣ ರೊಟ್ಟಿ ಮತ್ತು ಬೆಚ್ಚನೆಯ ಸೂರು. ದಾನದ ಈ ಮಿತಿಯನ್ನು ನೋಡಿ ನಗಬಾರದು. ಊರನ್ನಾಗಲಿ ಯೋಗ್ಯತೆಯನ್ನಾಗಲಿ ಕೆದಕಿ ಕೇಳದೆ ಚಳಿಯನ್ನು ಮಾತ್ರ ಪ್ರಮಾಣವಾಗಿಟ್ಟುಕೊಂಡುದು ಆ ಕಾಲಕ್ಕೆ ಉದಾರವಾದ ನೀತಿಯೇ ಸರಿ.

1834ರ ಹೊಸ ದರಿದ್ರಪಾಲನ ಕಾಯಿದೆಯ ಮೂಲತತ್ತ್ವ ಪ್ರಸಿದ್ಧವಾದುದು: ನೆರವು ಪಡೆಯುವವನ ಸ್ಥಿತಿಯು ಸ್ವತಂತ್ರವಾಗಿ ದುಡಿಯುವ ಅತಿ ಬಡ ಕೂಲಿಕಾರನ ಸ್ಥಿತಿಗಿಂತ ಕೀಳಾಗಿರತಕ್ಕದ್ದು. ಪ್ಯಾರಿಷುಗಳನ್ನು ಕೂಡಿಸಿ ‘ಯೂನಿಯನ್’ ಎಂಬ ಘಟಕಗಳನ್ನು ಮಾಡಿದರು. ಪ್ರತಿಯೊಂದಕ್ಕೂ ಒಂದು ವರ್ಕ್‌ಹೌಸ್. ಯಾವ ಯೂನಿಯನ್ನಿಗೂ ಸೇರದೆ ದಾರಿಯಲ್ಲಿರುವವನನ್ನು ಈ ಕಾಯಿದೆ ಬಹುಮಟ್ಟಿಗೆ ಮರೆತೇ ಬಿಟ್ಟಿತ್ತು. ಅಂಥವರನ್ನು ಬಾಗಿಲಿಂದ ಹಿಂದಕ್ಕಟ್ಟಿದಾಗ ಸಾವುಗಳು ಸಂಭವಿಸಿ ಗಲಾಟೆಯಾದುದರಿಂದ, ತುರ್ತಿನ ಸಂದರ್ಭದಲ್ಲಿ ಊಟವನ್ನೂ ರಾತ್ರಿಯ ಆಸರೆಯನ್ನೂ ಕೊಟ್ಟು ಅದಕ್ಕೆ ಬದಲಾಗಿ ಕೆಲಸ ತೆಗೆದುಕೊಳ್ಳಬೇಕೆಂದು 1837ರಲ್ಲಿ ಕಮಿಷನರುಗಳು ಸೂಚಿಸಿದರು. ಕ್ಯಾಷುಯಲ್ ವಾರ್ಡು ಹುಟ್ಟಿದುದು ಹೀಗೆ. ಹಣದ ಹೊರೆಗೆ ಹೆದರಿ ಲಂಡನ್ನಿನ ಯೂನಿಯನ್ನುಗಳು ಇಂತಹ ವಾರ್ಡುಗಳನ್ನು ಕಟ್ಟಲು ಬಹುಕಾಲ ಹಿಂದೆಗೆದುವು. ಚೆನ್ನಾಗಿ ನಡೆಸಿದ ವಾರ್ಡಿಗೆ ನೆರೆಯ ಯೂನಿಯನ್ನುಗಳ ಬಡವರೂ ಬರುತ್ತಾರೆಂಬುದು ಅವುಗಳ ಭಯ. ಈ ವೆಚ್ಚವನ್ನು ಇಡೀ ಮಹಾನಗರದ ಮೇಲೆ ಹಂಚಿದ 1864ರ ಕಾಯಿದೆ ಬಂದ ಮೇಲೆಯೇ ಅವು ಕಾರ್ಯಪ್ರವೃತ್ತವಾದುವು. ಹಣ ಎಲ್ಲಿಂದ ಬರುವುದೆಂಬುದು ಗೊತ್ತಾದೊಡನೆ ಮೊದಲನೆಯ ಪ್ರಶ್ನೆಯ ಬಿಗಿ ಸಡಿಲವಾಗುವುದನ್ನು ಇಲ್ಲಿ ಕಾಣಬಹುದು.

ಒಳಗಿನ ಸ್ಥಿತಿ ಹೇಗಿದ್ದಿತು? 1866ರ ಜನವರಿಯಲ್ಲಿ ಜೇಮ್ಸ್ ಗ್ರೀನ್‌ವುಡ್ ಎಂಬ ಪತ್ರಿಕೋದ್ಯಮಿ ಅಲೆಮಾರಿಯ ವೇಷ ಧರಿಸಿ ಲ್ಯಾಂಬೆತ್ ವರ್ಕ್‌ಹೌಸಿನಲ್ಲಿ ಒಂದು ರಾತ್ರಿ ಕಳೆದು, ತನ್ನ ಸಹೋದರನು ಸಂಪಾದಕನಾಗಿದ್ದ ‘ಪಾಲ್ ಮಾಲ್ ಗೆಜೆಟ್’ ಪತ್ರಿಕೆಯಲ್ಲಿ ವರದಿ ಮಾಡಿದನು. ಹಲವರು ಮಿಂದು ಕದಡಿದ ನೀರಿನಲ್ಲಿ ತಾನೂ ಮೀಯಬೇಕಾಗಿ ಬಂದುದು, ಗಾಳಿ ನುಗ್ಗುವ ಕೊಟ್ಟಿಗೆಯಂಥ ತಾವಿನಲ್ಲಿ ಹುಲ್ಲಿನ ಹಾಸಿಗೆಗಳ ಮೇಲೆ ಒತ್ತೊತ್ತಾಗಿ ಮಲಗಿದುದು, ಬೆಳಗ್ಗೆ ಹಿಟ್ಟಿನ ಗಿರಣಿಯ ಹಿಡಿಕೆಯನ್ನು ತಿರುಗಿಸಿದುದು ಎಲ್ಲವೂ ಅದರಲ್ಲಿವೆ. ವರದಿ ಇಡೀ ನಗರವನ್ನು ಕಲಕಿತು. 1874ರಲ್ಲಿ ಲ್ಯೂಕ್ ಫಿಲ್ಡ್ಸ್ ಪ್ರದರ್ಶಿಸಿದ ಪ್ರಸಿದ್ಧ ಚಿತ್ರವು ವಾರ್ಡಿನ ಪ್ರವೇಶಕ್ಕಾಗಿ ಹಿಮದಲ್ಲಿ ಗೋಡೆಗೊರಗಿ ಕಾದುನಿಂತ ಸಾಲನ್ನು ತೋರಿಸುತ್ತದೆ. ಆ ಸಾಲಿನಲ್ಲಿ ಹಸುಳೆಯನ್ನೆತ್ತಿಕೊಂಡ ತಾಯಿಯೂ ಉಂಟು, ಕುಡುಕನೂ ಉಂಟು. ಯೋಗ್ಯ ದರಿದ್ರನನ್ನು ಅಯೋಗ್ಯನಿಂದ ಬೇರ್ಪಡಿಸುವ ಕಾನೂನಿನ ಜರಡಿ ಬಾಗಿಲ ಹೊರಗೆ ನಡೆಯುವುದಿಲ್ಲವೆಂಬುದನ್ನು ಚಿತ್ರಕಾರನು ಶಾಸನಕರ್ತರಿಗಿಂತ ಚೆನ್ನಾಗಿ ಅರಿತಿದ್ದನು.

ಕೊಳಕು ಎಂಬ ಆಕ್ಷೇಪಣೆಗೆ ಅಧಿಕಾರಿಗಳು ಉತ್ತರ ಕೊಟ್ಟರು. ಮುಂದಿನ ದಶಕಗಳಲ್ಲಿ ವಾರ್ಡುಗಳು ಚೊಕ್ಕಟವಾದುವು. ಒಬ್ಬೊಬ್ಬನಿಗೆ ಒಂದೊಂದು ಕೋಣೆ ಬಂದಿತು. ಆದರೆ ಕೋಣೆಗೆ ಹೊರಗಿನಿಂದ ಬೀಗ. ಒಳಬಂದವನ ಹೆಸರು, ವಯಸ್ಸು, ಕಸಬು, ಹಿಂದಿನ ರಾತ್ರಿ ಮಲಗಿದ ಸ್ಥಳ, ಮುಂದೆ ಹೋಗುವ ಸ್ಥಳ ಎಲ್ಲವನ್ನೂ ಬರೆದುಕೊಂಡು, ಜೇಬು ಶೋಧಿಸಿ, ಬಟ್ಟೆ ಕಳಚಿಸಿ, ಸ್ನಾನ ಮಾಡಿಸಿ, ರೊಟ್ಟಿಯನ್ನೂ ಗಂಜಿಯನ್ನೂ ಕೊಡುತ್ತಿದ್ದರು. ಮರುದಿನದ ಕೆಲಸ ಎರಡು ಬಗೆ. ಒಂದು, ಕೀಲೆಣ್ಣೆ ಹತ್ತಿದ ಹಳೆಯ ಹಡಗಿನ ಹಗ್ಗಗಳನ್ನು ಬೆರಳುಗಳಿಂದ ಎಳೆಎಳೆಯಾಗಿ ಬಿಡಿಸುವುದು. ಇನ್ನೊಂದು, ಕಲ್ಲೊಡೆಯುವುದು. ಕೋಣೆಯ ಹೊರಗೋಡೆಯಲ್ಲಿ ಕಬ್ಬಿಣದ ಜಾಲರಿಯಿರುತ್ತಿತ್ತು. ಒಡೆದ ಜಲ್ಲಿ ಆ ಜಾಲರಿಯ ಕಣ್ಣುಗಳಿಂದ ಹೊರಬೀಳುವಷ್ಟು ಸಣ್ಣದಾದರೆ ಮಾತ್ರ ಕೆಲಸ ಮುಗಿದಂತೆ.

1882ರ ಕಾಯಿದೆ ನಮ್ಮ ವಿಷಯಕ್ಕೆ ಅತ್ಯಂತ ಮುಖ್ಯವಾದುದು. ಅದರ ಪ್ರಕಾರ ವಾರ್ಡಿಗೆ ಬಂದವನನ್ನು ಎರಡನೆಯ ದಿನದ ಬೆಳಗಿನ 9 ಗಂಟೆಯ ವರೆಗೆ ಹಿಡಿದಿಡಬೇಕು. ಒಂದೇ ತಿಂಗಳಲ್ಲಿ ಅದೇ ಯೂನಿಯನ್ನಿಗೆ ಮತ್ತೆ ಬಂದರೆ ನಾಲ್ಕನೆಯ ದಿನದ ವರೆಗೆ. ಲಂಡನ್ನಿನ ವಾರ್ಡುಗಳೆಲ್ಲವನ್ನೂ ಈ ಲೆಕ್ಕಕ್ಕೆ ಒಂದೇ ಎಂದು ಎಣಿಸಲಾಯಿತು. ಇದರ ಫಲವನ್ನು ಸ್ವಲ್ಪ ನಿಧಾನಿಸಿ ನೋಡಬೇಕು. ಅಂದಿನ ಲಂಡನ್ನಿನಲ್ಲಿ ಬಂದರುಕಟ್ಟೆಯ ಕೂಲಿಗಳನ್ನು ಆರಿಸುತ್ತಿದ್ದುದು ನಸುಕಿನಲ್ಲಿ. 9 ಗಂಟೆಗೆ ಹೊರಬಿದ್ದವನಿಗೆ ಆ ದಿನದ ಕೆಲಸ ತಪ್ಪಿದಂತೆಯೇ. ಕೆಲಸ ತಪ್ಪಿತಾದುದರಿಂದ ಬಾಡಿಗೆಯ ಹಾಸಿಗೆಗೆ ಹಣವಿಲ್ಲ. ಹಣವಿಲ್ಲದುದರಿಂದ ಮತ್ತೆ ವಾರ್ಡು. ಅದೇ ವಾರ್ಡಿಗೆ ಹೋದರೆ ಹೆಚ್ಚಿನ ಬಂಧನವಿರುವುದರಿಂದ ಹಲವು ಮೈಲಿ ನಡೆದು ಇನ್ನೊಂದು ಯೂನಿಯನ್ನಿನ ವಾರ್ಡಿಗೆ. ಅಲೆಮಾರಿತನವನ್ನು ಅಡಗಿಸಲು ಮಾಡಿದ ಕಾನೂನು ಅಲೆಮಾರಿಯನ್ನು ದಿನದಿನವೂ ನಡೆಸಿತು. ಕೆಲಸ ಹುಡುಕುವವರನ್ನು ಬೆಳಗ್ಗೆ ಬೇಗನೆ ಬಿಡಬಹುದೆಂದು 1892ರಲ್ಲಿ ತಿದ್ದುಪಡಿ ಬಂದರೂ ಅಲೆದಾಟ ನಿಲ್ಲಲಿಲ್ಲ. 1903ರಲ್ಲಿ ಜ್ಯಾಕ್ ಲಂಡನ್, 1906ರಲ್ಲಿ ಮೇರಿ ಹಿಗ್ಸ್, 1931ರಲ್ಲಿ ಜಾರ್ಜ್ ಆರ್ವೆಲ್, ಈ ಮೂವರೂ ವಾರ್ಡುಗಳಲ್ಲಿ ತಂಗಿ ಕಂಡು ಬರೆದವರು. ಮೂವರ ಬರೆಹಗಳಲ್ಲಿಯೂ ದುಡಿಯಬಲ್ಲ ಜನರು ಒಂದು ಗೋಡೆಯಿಂದ ಮತ್ತೊಂದು ಗೋಡೆಗೆ ವ್ಯರ್ಥವಾಗಿ ನಡೆಯುವ ದೃಶ್ಯವಿದೆ. ಮೇರಿ ಹಿಗ್ಸ್ ಅವರ ಗ್ರಂಥ ಉಳಿದೆರಡರಷ್ಟು ಪ್ರಸಿದ್ಧವಲ್ಲ. ಆದರೆ ಹೆಂಗಸರ ವಾರ್ಡುಗಳ ವಿಷಯದಲ್ಲಿ ಅದಕ್ಕೆ ಸಮನಾದ ಪ್ರತ್ಯಕ್ಷ ಸಾಕ್ಷ್ಯ ದೊರೆಯುವುದು ಕಷ್ಟ. ವಿದ್ಯಾರ್ಥಿಗಳು ಅದನ್ನು ಮೊದಲು ಓದುವುದು ಮೇಲು.

ಸರ್ಕಾರದ ಬಾಗಿಲಿಗೆ ಹೋಗಲೊಲ್ಲದವರಿಗೆ ಖಾಸಗಿ ಸಂಸ್ಥೆಗಳಿದ್ದುವು. ಸಾಲ್ವೇಷನ್ ಆರ್ಮಿಯು 1888ರಲ್ಲಿ ಲೈಮ್‌ಹೌಸಿನಲ್ಲಿ ತನ್ನ ಮೊದಲನೆಯ ಅನ್ನಾಶ್ರಯಗೃಹವನ್ನು ತೆರೆಯಿತು. ಕೆಲವು ಗೃಹಗಳಲ್ಲಿ ಒಂದು ಪೆನ್ನಿಗೆ ಬೆಂಚಿನ ಮೇಲೆ ಕುಳಿತು ರಾತ್ರಿ ಕಳೆಯಬಹುದಾಗಿತ್ತು. ನಾಲ್ಕು ಪೆನ್ನಿ ಕೊಟ್ಟವನಿಗೆ ಶವದ ಪೆಟ್ಟಿಗೆಯನ್ನು ಹೋಲುವ ಮರದ ಪೆಟ್ಟಿಗೆಯಲ್ಲಿ ಮಲಗುವ ಭಾಗ್ಯ. ವಿಲಿಯಂ ಬೂತನು 1890ರಲ್ಲಿ ಪ್ರಕಟಿಸಿದ ಯೋಜನೆಯಲ್ಲಿ ಆಸರೆಯ ಜೊತೆಗೆ ಉದ್ಯೋಗವನ್ನು ಒದಗಿಸುವ, ಕಳೆದುಹೋದ ಬಂಧುಗಳನ್ನು ಹುಡುಕಿಕೊಡುವ ಏರ್ಪಾಡುಗಳಿದ್ದುವು. ಆ ಸಂಸ್ಥೆಯ ಧರ್ಮೋಪದೇಶವನ್ನು ಒಪ್ಪದವರೂ ಇದರ ಬುದ್ಧಿವಂತಿಕೆಯನ್ನು ಒಪ್ಪಬೇಕಾಗುತ್ತದೆ.

1948ರ ರಾಷ್ಟ್ರೀಯ ಸಹಾಯ ಕಾಯಿದೆಯು ತನ್ನ ಮೊದಲನೆಯ ಪ್ರಕರಣದಲ್ಲಿಯೇ ಹಳೆಯ ದರಿದ್ರಪಾಲನ ಕಾನೂನನ್ನು ಕೊನೆಗಾಣಿಸಿತು. ತುರ್ತಾಗಿ ವಸತಿ ಬೇಕಾದವರಿಗೆ ತಾತ್ಕಾಲಿಕ ಸ್ಥಳ ಒದಗಿಸುವುದು ಸ್ಥಳೀಯ ಸಂಸ್ಥೆಗಳ ಕರ್ತವ್ಯವಾಯಿತು. ಆದರೆ ಆ ಆವಶ್ಯಕತೆ ಮುಂಚಿತವಾಗಿ ಊಹಿಸಲಾಗದ ಕಾರಣದಿಂದ ಬಂದಿರಬೇಕೆಂಬ ನಿಬಂಧನೆಯಿತ್ತು. ಬೆಂಕಿ ಬಿದ್ದರೆ, ಪ್ರವಾಹ ಬಂದರೆ ಸರಿ. ಬಾಡಿಗೆ ತೆರಲಾರದೆ ಬೀದಿಗೆ ಬಿದ್ದವನು ಅದನ್ನು ಊಹಿಸಬಹುದಾಗಿತ್ತಲ್ಲವೆ? ಎರಡನೆಯ ಪ್ರಶ್ನೆ ಹೀಗೆ ಹೊಸ ಉಡುಪು ತೊಟ್ಟು ಬಂದಿತು. ವಸತಿ ಸಿಕ್ಕ ಕುಟುಂಬಗಳನ್ನು ಅನೇಕ ವೇಳೆ ಹಳೆಯ ವರ್ಕ್‌ಹೌಸಿನ ಕಟ್ಟಡಗಳಲ್ಲಿಯೇ ಇರಿಸಿದರು. ತಾಯಿ ಮಕ್ಕಳಿಗೆ ಮಾತ್ರ ಒಳಗೆ ಅವಕಾಶ, ಗಂಡನು ಹೊರಗೆ. ಕೆಂಟ್ ಪ್ರಾಂತದ ಕಿಂಗ್ ಹಿಲ್ ಎಂಬ ವಸತಿಗೃಹದಲ್ಲಿ 1965-66ರಲ್ಲಿ ಗಂಡಂದಿರು ಈ ನಿಯಮವನ್ನು ಧಿಕ್ಕರಿಸಿ ಹೆಂಡಿರು ಮಕ್ಕಳೊಡನೆ ನಿಂತರು. ಕೆಲವರು ನ್ಯಾಯಾಲಯದ ಆಜ್ಞೆಯನ್ನು ಮೀರಿದುದಕ್ಕಾಗಿ ಸೆರೆಮನೆಗೂ ಹೋದರು. 1966ರ ನವೆಂಬರ್ 16ರಂದು ಬಿ.ಬಿ.ಸಿ. ಪ್ರಸಾರ ಮಾಡಿದ ‘ಕ್ಯಾಥಿ ಕಮ್ ಹೋಮ್’ ಎಂಬ ನಾಟಕವೂ, ಎರಡು ವಾರಗಳ ಬಳಿಕ ಆರಂಭವಾದ ‘ಷೆಲ್ಟರ್’ ಎಂಬ ಸಂಸ್ಥೆಯೂ ಈ ಸಂಗತಿಯನ್ನು ಮನೆಮನೆಗೆ ಮುಟ್ಟಿಸಿದುವು.

ಸ್ಟೀಫನ್ ರಾಸ್ ಎಂಬ ಲಿಬರಲ್ ಸದಸ್ಯನು ಮಂಡಿಸಿದ ಮಸೂದೆ 1977ರಲ್ಲಿ ಕಾಯಿದೆಯಾಯಿತು. ಮನೆಯಿಲ್ಲದವನಿಗೆ ಮನೆ ದೊರಕಿಸುವುದನ್ನು ಸಮಾಜಕಲ್ಯಾಣದ ದಯೆಯಿಂದ ತೆಗೆದು ಗೃಹಾಧಿಕಾರಿಗಳ ಕರ್ತವ್ಯವನ್ನಾಗಿ ಮಾಡಿದುದು ಇದರ ಹಿರಿಮೆ. ಇದು ಸೋಮಾರಿಗಳಿಗೆ ಸನ್ನದಾಗುವುದೆಂದು ವಿರೋಧಿಗಳು ಕೂಗಿದರು. ಕಾಯಿದೆಯಾಗಿ ಹೊರಬಂದಾಗ ಅದರಲ್ಲಿ ಎರಡು ಷರತ್ತುಗಳಿದ್ದುವು. ಬುದ್ಧಿಪೂರ್ವಕವಾಗಿ ಮನೆ ಕಳೆದುಕೊಂಡವನಿಗೆ ಪೂರ್ಣ ಹಕ್ಕಿಲ್ಲ. ಸ್ಥಳದೊಡನೆ ಸಂಬಂಧವಿಲ್ಲದವನನ್ನು ಸಂಬಂಧವಿರುವ ಸ್ಥಳಕ್ಕೆ ಒಪ್ಪಿಸಬಹುದು. 1662ನ್ನೂ 1834ನ್ನೂ ಬಲ್ಲವರಿಗೆ ಇವುಗಳ ವಂಶವೃಕ್ಷವನ್ನು ವಿವರಿಸಬೇಕಾಗಿಲ್ಲ. ಮಕ್ಕಳಿರುವವರು, ಗರ್ಭಿಣಿಯರು, ವೃದ್ಧರು, ರೋಗಿಗಳು ಮೊದಲಾದವರಿಗೆ ಆದ್ಯತೆಯಿದ್ದುದರಿಂದ ಒಂಟಿ ಗಂಡಸು, ಎಂದರೆ ಹಳೆಯ ವಾರ್ಡಿನ ಮುಖ್ಯ ಅತಿಥಿ, ಬಹುಮಟ್ಟಿಗೆ ಹೊರಗೇ ಉಳಿದನು. ‘ವಸತಿ’ ಎಂದರೇನು ಎಂಬ ಪ್ರಶ್ನೆಯೂ ನ್ಯಾಯಾಲಯಕ್ಕೆ ಬಂದಿತು. ಅತಿಥಿಗೃಹವೊಂದರ ಒಂದೇ ಕೋಣೆಯಲ್ಲಿ, ಅಡುಗೆಗೆ ಅನುಕೂಲವಿಲ್ಲದೆ, ಎರಡು ಎಳೆಯ ಮಕ್ಕಳೊಡನೆ ಇದ್ದ ದಂಪತಿಗಳು ವಸತಿಹೀನರಲ್ಲವೆಂದು 1986ರಲ್ಲಿ ಲಾರ್ಡ್ಸ್ ಸಭೆ ತೀರ್ಪಿತ್ತಿತು. ಡಯೋಜನೀಸನು ಪೀಪಾಯಿಯಲ್ಲಿ ವಾಸಿಸಿದುದನ್ನು ಮಾತ್ರ ವಸತಿಯೆನ್ನಲಾಗದೆಂದು ನ್ಯಾಯಮೂರ್ತಿ ಬ್ರೈಟ್‌ಮನ್ ಅವರು ಒಪ್ಪಿಕೊಂಡರು! ಪಾರ್ಲಿಮೆಂಟು ಅದೇ ವರ್ಷ ಕಾಯಿದೆಯನ್ನು ತಿದ್ದಿತು.

ಸ್ಕಾಟ್ಲೆಂಡು 2012ರ ಕೊನೆಯ ವೇಳೆಗೆ ಈ ಆದ್ಯತೆಯ ವಿಂಗಡಣೆಯನ್ನೇ ತೆಗೆದುಹಾಕಿತು. ಇಂಗ್ಲೆಂಡಿನಲ್ಲಿ 2018ರಿಂದ ಜಾರಿಗೆ ಬಂದ ಕಾಯಿದೆಯು, ಮನೆ ಕಳೆದುಕೊಳ್ಳುವುದಕ್ಕೆ 56 ದಿನ ಮೊದಲೇ ನೆರವು ನೀಡುವ ಕರ್ತವ್ಯವನ್ನು ವಿಧಿಸಿತು. ಇವೆರಡಕ್ಕಿಂತ ಇತಿಹಾಸಕಾರನಿಗೆ ಬೋಧಪ್ರದವಾದುದು 2020ರ ಮಾರ್ಚಿಯಲ್ಲಿ ನಡೆದ ಸಂಗತಿ. ಕೋವಿಡ್ ಪಿಡುಗು ಹರಡುತ್ತಿದ್ದಾಗ, ಬೀದಿಯಲ್ಲಿ ಮಲಗುವವರೆಲ್ಲರನ್ನೂ ಒಳಕ್ಕೆ ಕರೆತರಬೇಕೆಂದು ಸರ್ಕಾರವು ಸ್ಥಳೀಯ ಸಂಸ್ಥೆಗಳಿಗೆ ತಿಳಿಸಿತು. ಖಾಲಿಯಾಗಿದ್ದ ಹೋಟೆಲುಗಳ ಕೋಣೆಗಳು ತೆರೆದುವು. ಊರನ್ನೂ ಯೋಗ್ಯತೆಯನ್ನೂ ಕೇಳುವ ಪದ್ಧತಿ ಹಲವು ತಿಂಗಳು ಬಹುಮಟ್ಟಿಗೆ ನಿಂತಿತು. 2021ರ ಜನವರಿಯ ವೇಳೆಗೆ ನೆರವು ಪಡೆದವರು 37,000ಕ್ಕೂ ಹೆಚ್ಚು. ಕಾನೂನಿನ ಅಕ್ಷರ ಒಂದೂ ಬದಲಾಗಿರಲಿಲ್ಲ. ಬೀದಿಯಲ್ಲಿರುವವನ ಕಾಯಿಲೆ ಮನೆಯಲ್ಲಿರುವವನಿಗೂ ತಗುಲಬಹುದೆಂಬ ಭಯವು ನಾಲ್ಕು ಶತಮಾನಗಳ ವಾದಕ್ಕಿಂತ ಬಲವತ್ತರವಾಯಿತು. ಭಯ ಇಳಿದ ಮೇಲೆ ಎರಡು ಪ್ರಶ್ನೆಗಳೂ ಹಿಂದಿರುಗಿದುವು.

ಈ ಇತಿಹಾಸವು ನಮಗೆ ದೂರದ್ದೆಂದು ತಿಳಿಯಬಾರದು. 1824ರ ಕಾಯಿದೆಯ ‘ಕಾಣತಕ್ಕ ಜೀವನಾಧಾರ’ವೆಂಬ ಪದಪ್ರಯೋಗವು ಕಡಲು ದಾಟಿ ಬಂದು 1959ರ ಮುಂಬಯಿ ಭಿಕ್ಷಾಟನೆ ನಿವಾರಣ ಕಾಯಿದೆಯ ವ್ಯಾಖ್ಯೆಯಲ್ಲಿ ಕುಳಿತಿತು. ಅಂತಹ ಆಧಾರವಿಲ್ಲದೆ ಸಾರ್ವಜನಿಕ ಸ್ಥಳದಲ್ಲಿ ಸುಳಿದಾಡುವವನನ್ನು, ಭಿಕ್ಷೆಯಿಂದ ಬದುಕುವವನಂತೆ ತೋರಿದರೆ, ಅವನು ಕೈ ಚಾಚದಿದ್ದರೂ ಭಿಕ್ಷುಕನೆಂದೇ ಹಿಡಿಯಬಹುದಾಗಿತ್ತು. ದೆಹಲಿಗೆ ಅನ್ವಯಿಸಿದ್ದ ಈ ಕಾಯಿದೆಯ ಮುಖ್ಯ ದಂಡನಾವಿಧಿಗಳನ್ನು ಅಲ್ಲಿಯ ಉಚ್ಚ ನ್ಯಾಯಾಲಯವು 2018ರಲ್ಲಿ ಸಂವಿಧಾನಬಾಹಿರವೆಂದು ತಳ್ಳಿಹಾಕಿತು. ಮೈಸೂರು ಸಂಸ್ಥಾನವು 1944ರಲ್ಲಿಯೇ ಭಿಕ್ಷಾಟನೆ ನಿಷೇಧದ ಕಾಯಿದೆ ಮಾಡಿತ್ತು. ಅದರ ಸ್ಥಾನಕ್ಕೆ 1975ರಲ್ಲಿ ಕರ್ನಾಟಕದ ಕಾಯಿದೆ ಬಂದಿತು. ಅದರ ವೆಚ್ಚಕ್ಕೆ ಆಸ್ತಿತೆರಿಗೆಯೊಡನೆ ಒಂದು ಕರವನ್ನೂ ಎತ್ತಲಾಗುತ್ತದೆ. ಬೆಂಗಳೂರಿನ ಭಿಕ್ಷುಕರ ಪುನರ್ವಸತಿ ಕೇಂದ್ರದಲ್ಲಿ 2010ರ ಆಗಸ್ಟಿನಲ್ಲಿ ಅನೇಕರು ಸತ್ತಾಗ, ಒಳಗಿದ್ದವರಲ್ಲಿ ಭಿಕ್ಷುಕರು ಯಾರು, ಕೇವಲ ಮನೆಯಿಲ್ಲದವರು ಯಾರು ಎಂಬ ಚರ್ಚೆ ನಡೆಯಿತು.

ಅದೇ 2010ರ ಜನವರಿಯಲ್ಲಿ, ದೆಹಲಿಯಲ್ಲಿ ಒಂದು ರಾತ್ರಿವಸತಿಯನ್ನು ಚಳಿಗಾಲದ ನಡುವೆಯೇ ಕೆಡವಿದ ಸಂಗತಿ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದಿತ್ತು. ಆಹಾರದ ಹಕ್ಕನ್ನು ಕುರಿತ ಮೊಕದ್ದಮೆಯ ಅಂಗವಾಗಿ ನ್ಯಾಯಾಲಯವು, ನಗರಗಳಲ್ಲಿ ಒಂದು ಲಕ್ಷ ಜನಸಂಖ್ಯೆಗೆ ಒಂದರಂತೆ ರಾತ್ರಿವಸತಿಗಳನ್ನು ಏರ್ಪಡಿಸಬೇಕೆಂದೂ, ಅವು ಚಳಿಗಾಲಕ್ಕೆ ಮಾತ್ರ ಸೀಮಿತವಾಗದೆ ವರ್ಷವಿಡೀ, ದಿನದ 24 ಗಂಟೆಯೂ ತೆರೆದಿರಬೇಕೆಂದೂ ಮುಂದಿನ ಆಜ್ಞೆಗಳಲ್ಲಿ ರಾಜ್ಯಗಳಿಗೆ ವಿಧಿಸಿತು. ಹೀಗೆ ನಮ್ಮ ನಗರಗಳಲ್ಲಿ ಹಿಡಿಯುವ ಕಾನೂನೂ ಆಸರೆ ಕೊಡುವ ಆಜ್ಞೆಯೂ ಏಕಕಾಲದಲ್ಲಿ ಜಾರಿಯಲ್ಲಿರುವ ಸ್ಥಿತಿ ಒದಗಿತು. 1837ರ ತರುವಾಯದ ಇಂಗ್ಲೆಂಡಿನಲ್ಲಿದ್ದುದೂ ಇದೇ: ಹೊರಗೆ ಮಲಗಿದವನಿಗೆ 1824ರ ಕಾಯಿದೆಯ ಸೆರೆ, ಒಳಗೆ ಬಂದವನಿಗೆ ವಾರ್ಡಿನ ಬೀಗ. ಆ 1824ರ ಕಾಯಿದೆಯನ್ನು ರದ್ದುಗೊಳಿಸಲು ಬ್ರಿಟನ್ನಿನ ಪಾರ್ಲಿಮೆಂಟು 2022ರಲ್ಲಿ ಒಪ್ಪಿಗೆ ಕೊಟ್ಟಿತು. ಆದರೆ ರದ್ದತಿ ಜಾರಿಗೆ ಬರುವ ದಿನವನ್ನು ಗೊತ್ತುಮಾಡುವ ಕೆಲಸವನ್ನು ಮಂತ್ರಿಗಳಿಗೆ ಬಿಟ್ಟಿತು.